ನೆರಳಿನಲ್ಲಿಡತಕ್ಕ ಸೌರಪೆಟ್ಟಿಗೆ

ವಿದ್ಯಾರ್ಥಿಗಳ ಸೌರಶಕ್ತಿ ಸಂಶೋಧನೆಗೆ ಬೆನ್ನೆಲುಬಾಗಿ ನಿಲ್ಲುವುದು ನಮ್ಮ ಕಂಪನಿಯ ಕರ್ತವ್ಯವೆಂದು ಬಳ್ಳಾರಿ ಕಚೇರಿಯ ಗೋಡೆಯ ಮೇಲೆ ಬರೆದಿದೆ. ಗೋಡೆ ಹೇಳಿದ್ದನ್ನು ನಾವು ಮೀರುವವರಲ್ಲ.

ಬಾದನಹಟ್ಟಿಯ ಹೈಸ್ಕೂಲು ಹುಡುಗಿ ಯಶೋಧರಾ ಮೆಣಸಿನಕಾಯಿ ಒಣಗಿಸುವ ಪೆಟ್ಟಿಗೆ ಮಾಡಿದ್ದಾಳೆಂದು ತಿಳಿದಕೂಡಲೇ ಜೀಪು ಕಳಿಸಿದೆವು. ಹಳೇ ತಗಡಿಗೆ ಕಪ್ಪು ಬಣ್ಣ ಬಳಿದು ಮೇಲೆ ಗಾಜು ಕೂರಿಸಿದ್ದಳು. ಅಂಗಳದಲ್ಲಿ ವಾರಗಟ್ಟಲೆ ಹಿಡಿಯುವ ಕಾಯಿ ಅದರಲ್ಲಿ ಬೇಗ ಒಣಗುತ್ತಿತ್ತು, ಧೂಳೂ ಕೂರುತ್ತಿರಲಿಲ್ಲ. ಆ ಹುಡುಗಿಯ ಮೇಲೆ ನನಗೆ ನಿಜಕ್ಕೂ ಅಭಿಮಾನ. ಒಂದೇ ಕೊರತೆ, ಪೆಟ್ಟಿಗೆಯ ಮೇಲೆ ನಮ್ಮ ಲಾಂಛನವಿರಲಿಲ್ಲ.

ಕೌಲ್ ಬಜಾರಿನ ಪೇಂಟರ್ ಅಯ್ಯಣ್ಣನನ್ನು ಕರೆಸಿ ಬರೆಸಿದೆವು. ಹೋಗುವಾಗ ಅವನು, "ಬಿಸಿಲಿಗಿಟ್ರ ಬಣ್ಣ ಹೋಗ್ತೈತ್ರಿ" ಎಂದ. ನಮ್ಮ ಮ್ಯಾನೇಜರ್ ಶಶಿಕಾಂತ್ ಅವರು ಅಂದೇ ಆದೇಶ ಹೊರಡಿಸಿದರು: ಲಾಂಛನವುಳ್ಳ ಯಾವುದೇ ವಸ್ತುವನ್ನು ಬಿಸಿಲಿಗೆ ಒಡ್ಡತಕ್ಕದ್ದಲ್ಲ.

ಸಿರುಗುಪ್ಪದ ಕಲ್ಯಾಣ ಮಂಟಪದಲ್ಲಿ, ಏಸಿಯ ತಂಪಿನಲ್ಲಿ, ಸೌರಪೆಟ್ಟಿಗೆಯ ಉದ್ಘಾಟನೆ ನೆರವೇರಿತು. ಅತಿಥಿಗಳು ಅದರೊಳಗಿಂದ ಒಣಕಾಯಿ ತೆಗೆದು ತೋರಿಸಿದರು. ಕಾಯಿಯನ್ನು ಬೆಳಿಗ್ಗೆ ಅಂಗಡಿಯಿಂದ ತರಿಸಿದ್ದೆವು. ಆಮೇಲೆ ಪೆಟ್ಟಿಗೆ ನಮ್ಮ ಕಚೇರಿ ಸೇರಿತು.

ಗಿಡದಿಂದ ಕಾಯಿ ಹರಿಯುವ ಕಾಲಕ್ಕೆ ಯಶೋಧರಾಳ ತಾಯಿ ಸುಂಕಮ್ಮ ಮಗಳೊಂದಿಗೆ ಬಂದಳು.

"ಸಾಹೇಬ್ರ, ಕಾಯಿ ಹರದು ರಾಶಿ ಹಾಕೀವ್ರಿ. ರಾಶ್ಯಾಗ ಇದ್ರ ಮುಗ್ಗತಾವ. ಪೆಟಗಿ ಕೊಡ್ರಿ."

"ಒಯ್ಯಮ್ಮ, ಬ್ಯಾಡ ಅಂದೋರ್ಯಾರು? ಮನಿಯೊಳಗ ಇಡಬೇಕಷ್ಟ" ಎಂದರು ಶಶಿಕಾಂತ್.

"ಮನಿಯೊಳಗ ಬಿಸಿಲು ಎಲ್ಲಿಂದ ಬರಬೇಕ್ರಿ ಸರ್?" ಎಂದು ಯಶೋಧರಾ ಕೇಳಿದಳು.

"ಬಿಸಿಲು ನಮ್ಮ ವಿಭಾಗಕ್ಕ ಬರಂಗಿಲ್ಲವ್ವ."

ಪೆಟ್ಟಿಗೆ ಕಚೇರಿಯಲ್ಲೇ ಉಳಿಯಿತು. ವರ್ಷದ ಬೆಳೆಯೆಲ್ಲ ಆ ರಾಶಿಯಲ್ಲೇ ಇತ್ತು. ನನಗೆ ಪಾಪ ಅನಿಸಿತು. ಉದ್ಘಾಟನೆಗೆ ಕಟ್ಟಿದ್ದ ದೊಡ್ಡ ಫ್ಲೆಕ್ಸ್ ಹಿತ್ತಲಲ್ಲಿ ಬಿದ್ದಿತ್ತು, ಹಾಸಿಕೊಳ್ಳಲೆಂದು ಕೊಟ್ಟು ಕಳಿಸಿದೆ. ಅವರು ಅದನ್ನು ಅಂಗಳದಲ್ಲಿ ಹಾಸಿ ಕಾಯಿ ಹರವಿದರು.

ಪರಿಶೀಲನೆಗೆ ಹೋದ ಶಶಿಕಾಂತ್ ಅವರು ಗಾಬರಿಯಾದರು, ಏಕೆಂದರೆ ಫ್ಲೆಕ್ಸಿನ ತುಂಬ ಲಾಂಛನವಿತ್ತು. ಬಗ್ಗಿ ಕಾಯಿ ಸರಿಸಿ ನೋಡಿದ ಮೇಲೆ ಜೀವ ತಣ್ಣಗಾಯಿತು. ಕಾಯಿಯ ನೆರಳಿನಲ್ಲಿ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಲಾಂಛನ ಕಾಯುವ ಈ ನವೀನ ವಿಧಾನಕ್ಕಾಗಿ ಯಶೋಧರಾಳಿಗೆ ವರ್ಷದ ವಿಜ್ಞಾನ ಪ್ರಶಸ್ತಿಯನ್ನು ಅಲ್ಲೇ ಘೋಷಿಸಲಾಯಿತು. ಊರವರು ಚಪ್ಪಾಳೆ ತಟ್ಟಿದರು.

ಕಾಯಿ ಗಲಗಲ ಒಣಗಿದವು. ಸುಂಕಮ್ಮ ಚೀಲ ತಂದು ತುಂಬಲು ಕೂತಳು. ಶಶಿಕಾಂತ್ ತಡೆದರು.

"ಎತ್ತಿದ್ರ ಲಾಂಛನಕ್ಕ ಬಿಸಿಲು ಬೀಳ್ತೈತಲ್ಲಮ್ಮ."

"ಕಾಯಿ ನಮ್ಮವಲ್ಲೇನ್ರಿ?"

"ಕಾಯಿ ನಿಮ್ಮವ. ನೆರಳು ಕಂಪನೀದು."

ಸುಂಕಮ್ಮ ಚೀಲ ಮಡಚಿದಳು. ಅವಳ ಕಷ್ಟ ನೋಡಲಾಗದೆ, ಕೊಡೆಯ ಮರೆಯಲ್ಲಿ ಕಾಯಿ ಎತ್ತಿಕೊಳ್ಳಲೆಂದು ಕಂಪನಿ ಒಂದು ದೊಡ್ಡ ಕೊಡೆಯನ್ನು ಸಮಾರಂಭ ಮಾಡಿ ಕೊಟ್ಟಿತು. ಕೊಡೆಯ ಮೇಲೂ ಲಾಂಛನವಿರುವುದರಿಂದ ಅದನ್ನು ಅವರ ಮನೆಯೊಳಗೆ ಬಿಚ್ಚಿ ಇಡಲಾಗಿದೆ.

ಈಗ ಸುಂಕಮ್ಮ ಸಾರಿನ ಖಾರಕ್ಕೆ ಕುರುಗೋಡಿನ ಅಂಗಡಿಯಿಂದ ಮೆಣಸಿನಕಾಯಿ ತರುತ್ತಾಳೆ. ಅಂಗಳದ ತುಂಬ ಇಟ್ಟುಕೊಂಡು ಹೀಗೇಕೆಂದು ದಾರಿಯಲ್ಲಿ ಯಾರೂ ಕೇಳುವುದಿಲ್ಲ. ಹೊಸಬರು ಕೇಳಿದರೆ ಮಾತ್ರ ಹೇಳುತ್ತಾಳೆ:

"ನಮ್ಮವು ಡ್ಯೂಟಿ ಮ್ಯಾಲ ಅದಾವ್ರಿ."