ಪೈಲಟ್ ಕೋಟಿಗೆ ನನ್ನ ಕೈಗುಣ

“ಅಮ್ಮಾ, ಈ ತಾತ ಅಪ್ಪನ ಕೋಟನ್ನ ಯಾಕೆ ಮೂಸ್ತಿದಾರೆ?”

ಮಗಳು ಕೇಳಿದ್ದು ಪಿಸುಮಾತಿನಲ್ಲೇ. ಆದರೆ ಐದು ವರ್ಷದವರ ಪಿಸುಮಾತು ಪಕ್ಕದ ಬೀದಿಗೂ ಕೇಳಿಸುತ್ತದೆ. ಕೋಟಿನ ಕಾಲರಿನೊಳಗೆ ಮೂಗು ತೂರಿಸಿದ್ದ ತಾತ ತಲೆ ಎತ್ತಲಿಲ್ಲ. ನಾನು ಮಾತ್ರ ಕೂತಲ್ಲೇ ಅಡುಗೆಮನೆಗೆ ಓಡುವ ದಾರಿಯನ್ನು ಕಣ್ಣಲ್ಲೇ ಅಳೆಯುತ್ತಿದ್ದೆ. ಅವರು ಮೂಸುತ್ತಿದ್ದದ್ದು ನನ್ನ ಕೈಚಳಕವನ್ನು.

ಮೊದಲಿನಿಂದ ಹೇಳಿಬಿಡುತ್ತೇನೆ. ನಮ್ಮ ಯಜಮಾನರು ಕೃತಕ ಹಲ್ಲು ತಯಾರಿಸುವವರು. ಹಗಲೆಲ್ಲ ಕಂಡವರ ಬಾಯಿಗೆ ಹಲ್ಲು ಹೊಂದಿಸಿ, ಬಿಡುವಾದರೆ ಸಾಕು, ಹಳೇ ಕಾಲದ ಯುದ್ಧವಿಮಾನದ ಪೈಲಟ್‌ಗಳ ಉಡುಪು ಹುಡುಕಿಕೊಂಡು ಹೊರಡುತ್ತಾರೆ. ಚರ್ಮದ ಕೋಟು, ಕಿವಿ ಮುಚ್ಚುವ ಟೋಪಿ, ಮೊಣಕೈವರೆಗಿನ ಕೈಗವಸು. ಹೊಲಿಗೆ, ಜಿಪ್ಪು, ಒಳಗಿನ ಮುದ್ರೆ ನೋಡಿ ಅಸಲಿಯೋ ನಕಲಿಯೋ ಪತ್ತೆ ಹಚ್ಚುವುದೇ ಅವರ ಹೆಮ್ಮೆ. ಹೆಮ್ಮೆಗೆ ತಕ್ಕ ಫಲ ಮಾತ್ರ ಸಿಕ್ಕಿರಲಿಲ್ಲ. ಮೊದಲು ತಂದ ಕೋಟು ಮಂಜುಗಡ್ಡೆ ಕಾರ್ಖಾನೆಯ ಕೆಲಸಗಾರನದ್ದು. ಆಮೇಲಿನದು ನಾಟಕದವರದ್ದು, ಜೇಬಿನಲ್ಲಿ ಅಂಟುಮೀಸೆ ಸಿಕ್ಕಿತು. ಎರಡು ಸಲವೂ ಸಂಗ್ರಾಹಕರ ಸಂಘದವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಈ ಸಲದ್ದು ಅಸಲಿಯೇ ಎಂದು ಇವರ ನಂಬಿಕೆ. ಭಾನುವಾರ ಸಂಘದ ಹಿರಿಯ ತಜ್ಞರು ಮನೆಗೇ ಬಂದು ನೋಡುವವರಿದ್ದರು. ಅವರು ಒಪ್ಪಿದರೆ ಕೋಟು ವಸ್ತುಸಂಗ್ರಹಾಲಯದ ಪ್ರದರ್ಶನಕ್ಕೆ.

“ಒಪ್ಪದಿದ್ರೆ ಎಲ್ಲಾ ಮಾರಿಬಿಡ್ತೀನಿ ಕಣೇ. ನಂಗೆ ಈ ವಿದ್ಯೆ ಹತ್ತಲ್ಲ” ಎಂದು ಶನಿವಾರ ತಟ್ಟೆಯ ಮುಂದೆ ಉಣ್ಣದೆ ಕೂತಿದ್ದರು.

ಅವರ ತಟ್ಟೆ ಮುಚ್ಚಿಟ್ಟು ಕೋಟನ್ನು ಬಿಡಿಸಿ ನೋಡಿದೆ. ಕಾಲರಿನ ಒಳಬಟ್ಟೆಯ ಮೇಲೆ ಅದನ್ನು ತೊಟ್ಟಿದ್ದ ಪೈಲಟ್‌ನ ಹೆಸರಿತ್ತು. ಮಾಸಿ ಮಾಸಿ ಕಂಡೂ ಕಾಣದಂತಾಗಿತ್ತು. ಬಟ್ಟೆಯ ಮೇಲಿನ ಹೆಸರು ಮಾಸಿದರೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮಗಳ ಯೂನಿಫಾರಂ, ಸ್ವೆಟರ್, ಕೊನೆಗೆ ಕಾಲುಚೀಲದ ಮೇಲೂ ಹೆಸರು ಬರೆಯುವವಳು ನಾನು. ಎಷ್ಟು ಒಗೆದರೂ ಹೋಗದ ಪೆನ್ನು ನನ್ನ ಬಳಿಯಿದೆ. ನನ್ನ ಅಕ್ಷರವನ್ನು ಶಾಲೆಯ ಟೀಚರೇ ಹೊಗಳಿದ್ದಾರೆ. ಗಂಡನ ಮಾನ ಕಾಪಾಡಲು ನನಗಿಂತ ಅರ್ಹಳು ಈ ಭೂಮಂಡಲದಲ್ಲಿ ಬೇರೆ ಯಾರು! ಭಾನುವಾರ ಬೆಳಿಗ್ಗೆ ಇವರು ಸ್ನಾನಕ್ಕೆ ಹೋದದ್ದೇ ತಡ, ಅಕ್ಷರದ ಮೇಲೆ ಅಕ್ಷರ ತಿದ್ದಿದೆ.

ಹೆಸರು ಎದ್ದು ಕಂಡಿತು. ತುಸು ಜಾಸ್ತಿಯೇ ಎದ್ದು ಕಂಡಿತು. ಆ ಪೈಲಟ್ ನಾಳೆಯೇ ಒಂದನೇ ಕ್ಲಾಸಿಗೆ ಸೇರುವವನಂತೆ ಕಾಣುತ್ತಿದ್ದ. ಗಾಬರಿಯಿಂದ ಒದ್ದೆ ಬಟ್ಟೆಯಲ್ಲಿ ಉಜ್ಜಿದೆ. ಹೆಸರು ಹೋಗಲಿಲ್ಲ, ಸುತ್ತಲಿನ ಹಳೆಯ ಕೊಳೆ ಹೋಯಿತು. ಈಗ ಹೆಸರೂ ಹೊಸದು, ಬಟ್ಟೆಯೂ ಹೊಸದು. ಮತ್ತೆ ಹಳೆಯದು ಮಾಡಬೇಕಲ್ಲ? ಒಲೆಯ ಮೇಲೆ ಉಳಿದ ಟೀ ಇತ್ತು. ಹತ್ತಿಯಲ್ಲಿ ಅದ್ದಿ ಕಾಲರಿನುದ್ದಕ್ಕೂ ಸವರಿ, ಹೇರ್ ಡ್ರೈಯರ್ ಹಿಡಿದೆ. ನೋಡನೋಡುತ್ತಿದ್ದಂತೆ ಬಟ್ಟೆಗೆ ನೂರು ವರ್ಷ ವಯಸ್ಸಾಯಿತು. ಬಚ್ಚಲಿನ ನೀರಿನ ಸದ್ದು ನಿಲ್ಲುವಷ್ಟರಲ್ಲಿ ಇತಿಹಾಸ ನಿರ್ಮಿಸಿ ಮುಗಿಸಿದ್ದೆ.

ಅದೇ ಇತಿಹಾಸದಿಂದ ತಾತ ಈಗ ಮೂಗು ಹೊರತೆಗೆದರು. ಅವರ ಕಣ್ಣು ತೇವವಾಗಿತ್ತು.

“ಈ ಕಂದು ಕಲೆ ನೋಡಿ. ಬೆವರು. ಆಕಾಶದಲ್ಲಿ ಒಬ್ಬನೇ ಕೂತವನ ಭಯದ ಬೆವರು. ಇದನ್ನ ಯಾರ ಕೈಲೂ ನಕಲು ಮಾಡೋಕಾಗಲ್ಲ.”

ಇವರು ನನ್ನತ್ತ ತಿರುಗಿ ಹುಬ್ಬು ಹಾರಿಸಿದರು. ಭಯದ ಬೆವರು ಹರಿಯುತ್ತಿದ್ದದ್ದು ನಿಜ, ನನ್ನ ಬೆನ್ನಿನಲ್ಲಿ.

“ತಾತಾ, ಬೆವರಿಗೆ ಇರುವೆ ಬರತ್ತಾ?” ಎಂದಳು ಮಗಳು.

ಎಲ್ಲರೂ ಬಗ್ಗಿ ನೋಡಿದೆವು. ಮೇಜಿನ ಕಾಲಿನಿಂದ ಕಾಲರಿನವರೆಗೆ ಇರುವೆಗಳು ಶಿಸ್ತಾಗಿ ಕವಾಯತು ನಡೆಸಿದ್ದವು. ಟೀಗೆ ಸಕ್ಕರೆ ಹಾಕಿದ್ದೆ ಎಂಬುದು ಆಗ ನೆನಪಾಯಿತು.

ತಾತ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. “ಇಷ್ಟು ಸಿಹಿಯಾಗಿ ಬೆವರೋ ಪೈಲಟ್‌ನ ನಾ ಎಲ್ಲೂ ಕಂಡಿಲ್ಲಪ್ಪ. ಹೆಸರಿನ ಇಂಕೂ ಹೊಸದು. ಮಾರಿದವನು ನಿಮಗೆ ಚೆನ್ನಾಗಿ ಟೋಪಿ ಹಾಕಿದಾನೆ.”

ಇವರು ಕೋಟನ್ನು ಮೆಲ್ಲಗೆ ಮಡಚತೊಡಗಿದರು. ಆ ಮಡಚುವಿಕೆಯನ್ನು ನೋಡಲಾಗಲಿಲ್ಲ.

“ಮಾರಿದವನಲ್ಲ ಸರ್, ನಾನು” ಎಂದೆ.

“ನೀನಾ?” ಇವರ ಕೈ ನಿಂತಿತು.

“ಹೆಸರು ಸರಿಯಾಗಿ ಕಾಣ್ತಿರಲಿಲ್ಲ ರೀ. ಸ್ವಲ್ಪ ಎತ್ತಿ ತೋರಿಸೋಣ ಅಂತ ತಿದ್ದಿದೆ. ಆಮೇಲೆ ಟೀ ಸವರಿ...”

“ಸರಿ, ಟೀ ಯಾಕೆ ಸವರಿದೆ?”

“ಕಾಫಿ ಮುಗಿದಿತ್ತು.”

ತಾತ ಕೆಮ್ಮಿದರು. ಅದು ನಗುವೋ ಕೋಪವೋ ತಿಳಿಯಲಿಲ್ಲ. ಕೋಟನ್ನು ಮತ್ತೆ ಬಿಡಿಸಿ, ಒಳಜೇಬನ್ನು ಹೊರಕ್ಕೆ ಮಗುಚಿದರು. “ಇಲ್ಲಿಗೆ ನಿಮ್ಮ ಕೈ ಬಂದಿಲ್ಲ ತಾನೇ?”

“ಅಲ್ಲೊಂದು ಜೇಬಿದೆ ಅಂತಾನೇ ಗೊತ್ತಿರಲಿಲ್ಲ ಸರ್.”

“ಪುಣ್ಯ.”

ಜೇಬಿನ ತಳದಲ್ಲಿ ಮಸುಕಾದ ದುಂಡು ಮುದ್ರೆಯೊಂದಿತ್ತು. ಅದನ್ನು ಭೂತಗನ್ನಡಿ ಹಿಡಿದು ನೋಡಿದರು, ಹೊಲಿಗೆ ನೋಡಿದರು, ಜಿಪ್ಪಿನ ಹಲ್ಲುಗಳನ್ನು ನೋಡಿದರು.

“ಕಲೆ ಸುಳ್ಳು. ಕಲೆ ಬಗ್ಗೆ ನಾನು ಹೇಳಿದ್ದೂ ಸುಳ್ಳು” ಎಂದು ಇವರ ಭುಜ ತಟ್ಟಿದರು. “ಕೋಟು ಮಾತ್ರ ಅಸಲಿ ಕಣಪ್ಪ. ಸರಿಯಾಗೇ ಗುರುತು ಹಿಡಿದಿದ್ದೀರಿ. ಪ್ರದರ್ಶನಕ್ಕೆ ಕಳಿಸಿ.”

ಇವರ ಮುಖ ಅರಳಿದ್ದನ್ನು ನೋಡಿ ನಾನೂ ಧೈರ್ಯ ತಂದುಕೊಂಡೆ. ಬಾಗಿಲವರೆಗೆ ಬೀಳ್ಕೊಡಲು ಹೋದಾಗ ತಾತ ಚಪ್ಪಲಿ ಮೆಟ್ಟುತ್ತಾ ದನಿ ತಗ್ಗಿಸಿದರು.

“ನಿಮ್ಮಿಂದ ಒಂದು ಉಪಕಾರ ಆಗ್ಬೇಕಲ್ಲಮ್ಮ.”

ಟೀಯನ್ನು ಬೆವರೆಂದ ಸಂಗತಿ ಸಂಘದವರಿಗೆ ತಿಳಿಯಬಾರದು ಎನ್ನುತ್ತಾರೆ, ಪಾಪ, ಎಂದುಕೊಂಡು ದೊಡ್ಡ ಮನಸ್ಸು ಮಾಡಿ, “ಹೇಳಿ ಸರ್” ಎಂದೆ.

“ಪ್ರದರ್ಶನಕ್ಕೆ ಬರ್ತೀರಲ್ಲ, ಅಲ್ಲಿ ಮಗಳ ಕೈ ಬಿಡ್ಬೇಡಿ.”

“ಅಯ್ಯೋ, ಇವಳು ಏನೂ ಮುಟ್ಟಲ್ಲ ಸರ್.”

“ಅದು ಗೊತ್ತು” ಎಂದರು ತಾತ. “ನೀವೇ ಹಿಡ್ಕೊಂಡಿರಿ. ಎರಡೂ ಕೈಯಲ್ಲಿ.”