ಬಿ ವಿಂಗಿಗೆ ಹೋದ ರಾಯಭಾರಿ

ಮೆಸೇಜನ್ನು ಅಳಿಸಿದ್ದು ತನ್ನ ಫೋನಿನಿಂದ ಮಾತ್ರವೋ, ಎಲ್ಲರ ಫೋನುಗಳಿಂದಲೋ? ಪರದೆಯ ಮೇಲೆ ಎರಡು ಸಾಲು ಬಂದಿದ್ದವು, ಒಂದನ್ನು ಒತ್ತಿದ್ದು ನಿಜ. ಯಾವುದನ್ನು? ಭಾನುವಾರ ಬೆಳಿಗ್ಗೆ ಬಚ್ಚಲಿನಲ್ಲಿ ಉಳಿದಿದ್ದ ಅರ್ಧ ಬಕೆಟ್ ನೀರನ್ನೇ ನೋಡುತ್ತ ಗುಣಪಾಲ ಯೋಚಿಸಿದ.

ಫೋನು ನೋಡಿ ತೀರ್ಪು ಕೊಟ್ಟವಳು ಮಗಳು ನಿಶ್ಮಿತಾ. "ಪಪ್ಪಾ, ಸಿರ್ಫ್ ಅಪ್ನೇ ಫೋನ್ ಸೇ ಡಿಲೀಟ್ ಕಿಯಾ ಆಪ್ನೇ. ಬಾಕಿ ಸಬ್ ಕೋ ದಿಖ್ ರಹಾ ಹೈ." ಅಳಿಸಿದ್ದು ಅವನ ಫೋನಿನಿಂದ ಮಾತ್ರ, ಉಳಿದವರಿಗೆಲ್ಲ ಕಾಣುತ್ತಲೇ ಇತ್ತು.

ವಿಷಯ ಇಷ್ಟು. ಖಾರಘರದ ಅವರ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಗೇಟು ಎ ವಿಂಗಿನ ಕಡೆ, ಪಂಪಿನ ಕೋಣೆ ಬಿ ವಿಂಗಿನ ಕಡೆ. ಒಂದು ಸ್ಕೂಟರ್ ನಿಲ್ಲಿಸುವ ಜಾಗಕ್ಕೆ ಜಗಳವಾಗಿ, ಎ ವಿಂಗಿನವರು ಬಿ ವಿಂಗಿನ ಗಾಡಿಗಳಿಗೆ ಗೇಟು ಮುಚ್ಚಿದರು. ಬಿ ವಿಂಗಿನವರು ಎ ವಿಂಗಿಗೆ ಪಂಪು ನಿಲ್ಲಿಸಿದರು. ಮೂರು ದಿನದಿಂದ ಆ ಕಡೆ ಕಾರಿಲ್ಲ, ಈ ಕಡೆ ನೀರಿಲ್ಲ. ಮಾತುಕತೆಯೆಲ್ಲ ವಾಟ್ಸಾಪಿನಲ್ಲಿ. ಹಿಂದೆ ರಾಯಭಾರಿ ಕುದುರೆ ಹತ್ತಿ ಹೋಗುತ್ತಿದ್ದ. ಅವನು ತಲುಪುವಷ್ಟರಲ್ಲಿ ರಾಜನ ಸಿಟ್ಟು ಅರ್ಧ ಇಳಿದಿರುತ್ತಿತ್ತು. ಈಗ ಸಿಟ್ಟು ಪೂರ್ತಿ ಹುಟ್ಟುವ ಮೊದಲೇ ತಲುಪಿ, ನೀಲಿ ಗೀಟುಗಳನ್ನೂ ತೋರಿಸುತ್ತದೆ.

ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಗುಮಾಸ್ತನಾಗಿದ್ದ ಗುಣಪಾಲ ಎ ವಿಂಗಿನವನು. ನಾಲ್ಕು ವರ್ಷದಲ್ಲಿ ಸೊಸೈಟಿಯ ಗ್ರೂಪಿಗೆ ಒಂದು ಗುಡ್ ಮಾರ್ನಿಂಗ್ ಕೂಡ ಹಾಕಿರಲಿಲ್ಲ. ಆ ಮೌನವನ್ನೇ ನಿಷ್ಪಕ್ಷಪಾತವೆಂದು ತಿಳಿದು ಎರಡೂ ಕಡೆಯವರು ಅವನನ್ನು ಮಧ್ಯಸ್ಥನನ್ನಾಗಿ ಮಾಡಿ, ತಮ್ಮ ತಮ್ಮ ಗ್ರೂಪಿಗೆ ಸೇರಿಸಿಕೊಂಡಿದ್ದರು. ಅವನೂ ಬೇಡವೆನ್ನಲಿಲ್ಲ. ಇವತ್ತು ಐದು ಗಂಟೆಗೆ ನಿಶ್ಮಿತಾಳನ್ನು ನೋಡಲು ಡೊಂಬಿವಲಿಯಿಂದ ಎಂಟು ಜನ ಬರುವವರಿದ್ದರು.

"ಚಾಕ್ಕೆ ಬಾಟ್ಲಿ ನೀರು ತರಬಹುದು," ಎಂದಳು ಹೆಂಡತಿ ಜಲಜಾಕ್ಷಿ. "ಹುಡುಗನ ಅಜ್ಜಿ ಬಾತ್‌ರೂಮ್ ಎಲ್ಲಿ ಅಂತ ಕೇಳಿದ್ರೆ ಎಂತ ತೋರಿಸುದು? ಹಿಂದಿನ ಗುಡ್ಡವಾ?"

ಬೆಳಿಗ್ಗೆ ಎ ವಿಂಗಿನ ಮುಖ್ಯಸ್ಥ, ತುರ್ಭೆಯಲ್ಲಿ ಹೋಟೆಲು ನಡೆಸುವ ಮುಂಡಪ್ಪಣ್ಣ, ಗುಟ್ಟಾಗಿ ಬರೆದಿದ್ದರು: 'ನಾವು ಗೇಟು ಬಿಡುವವರೇ. ಆದರೆ ಮೊದಲು ಅವರು ಬಂದು ಕೇಳಲಿ. ಇದು ನಿಮ್ಮಲ್ಲೇ ಇರಲಿ.' ತನ್ನಲ್ಲೇ ಇರಲೆಂದು ಅದನ್ನು ತನಗೇ ಕಳಿಸಿಕೊಳ್ಳಲು ಹೋಗಿ ಗುಣಪಾಲ ಬಿ ವಿಂಗಿನ ಗ್ರೂಪಿಗೆ ಕಳಿಸಿಬಿಟ್ಟಿದ್ದ.

ಅವನು ಬಿ ವಿಂಗಿಗೆ ಓಡಿದ. ಅಲ್ಲಿಯ ಮುಖ್ಯಸ್ಥ ರೇವಣಸಿದ್ದ ಬಾಗಿಲಲ್ಲೇ ನಗುತ್ತ ನಿಂತಿದ್ದ.

"ಬರ್ರಿ, ಬರ್ರಿ. ಎಲ್ಲಾರೂ ಓದೇವ್ರಿ. ಸ್ಕ್ರೀನ್‌ಶಾಟೂ ತಗೊಂಡೇವಿ."

"ಅದು ತಪ್ಪಿ ಬಂದದ್ದು ಮಾರಾಯ್ರೆ!"

"ತಪ್ಪಿ ಬಂದದ್ರಾಗ ಖರೇ ಇರ್ತೈತ್ರಿ. ನನ್ನ ಉತ್ತರ ನೋಡ್ರಿ, ಎಐ ಬರದು ಕೊಟ್ಟೈತಿ. 'ಬಿ ವಿಂಗ್ ತೀವ್ರ ಕಳವಳ ವ್ಯಕ್ತಪಡಿಸುತ್ತದೆ.' ಸಿಟ್ಟು ಕಾಣಬೇಕು, ಆದ್ರ ಯಾರೂ ಕೇಸ್ ಹಾಕಬಾರದು ಅಂತ ಹೇಳಿದ್ದೆ."

ಗುಣಪಾಲ ಲಿಫ್ಟಿನಲ್ಲಿ ಇಳಿಯುವಷ್ಟರಲ್ಲಿ ಸ್ಕ್ರೀನ್‌ಶಾಟ್ ಎ ವಿಂಗಿನ ಹದಿನಾಲ್ಕನೆಯ ಮಾಳಿಗೆ ಮುಟ್ಟಿತ್ತು. ಮುಂಡಪ್ಪಣ್ಣ ಗೇಟಿನ ಬಳಿ ಕಾದ ಹೆಂಚಿನಂತೆ ನಿಂತಿದ್ದರು.

"ಎಂತ ಮಾರಾಯ್ರೆ ನೀವು! ದೊಡ್ಡ ದೊಡ್ಡ ದೇಶದ ಗುಟ್ಟು ಹೊರಗೆ ಬೀಳ್ಲಿಕ್ಕೂ ನಾಲ್ಕು ದಿನ ಬೇಕು. ನಿಮ್ದು ನಾಲ್ಕು ನಿಮಿಷ!"

ಗುಣಪಾಲನಿಗೆ ಹೇಳಲು ಬಹಳ ಇತ್ತು. ಹೇಳಬೇಕೆಂದಾಗಲೆಲ್ಲ ಅವನ ನಾಲಿಗೆ ಸಂಜೆಯ ಲೋಕಲ್ ರೈಲಿನ ಬಾಗಿಲಲ್ಲಿ ನಿಂತವನಂತೆ, ಒಳಗೂ ಹೋಗದೆ ಹೊರಗೂ ಬಾರದೆ ತೂಗಾಡುತ್ತಿತ್ತು. ಮನೆಗೆ ಬಂದ. ಹನ್ನೊಂದಕ್ಕೆ ಎ ವಿಂಗಿನವರು ಅವನನ್ನು ದ್ರೋಹಿಯೆಂದು ಗ್ರೂಪಿನಿಂದ ತೆಗೆದರು. ಹನ್ನೊಂದೂಕಾಲಿಗೆ ಬಿ ವಿಂಗಿನವರು ಗೂಢಚಾರನೆಂದು ತೆಗೆದರು. ಆಮೇಲೆ ಅವನು ಯಾವ ದೇಶದ ಪ್ರಜೆಯೂ ಆಗಿರಲಿಲ್ಲ. ಫೋನು ತಣ್ಣಗೆ ಮಲಗಿತು.

ನಾಲ್ಕು ಗಂಟೆಗೆ ಕರೆಗಂಟೆ ಮೊಳಗಿತು. ಇಷ್ಟು ಬೇಗ ಬಂದರೇ ಎಂದು ಗುಣಪಾಲ ಬೆದರಿ ಬಾಗಿಲು ತೆಗೆದರೆ, ಎದುರಿಗೆ ಮುಂಡಪ್ಪಣ್ಣ ಮತ್ತು ರೇವಣಸಿದ್ದ, ಹೆಗಲಿಗೆ ಹೆಗಲು ತಾಗಿಸಿ. ಒಬ್ಬರ ಕೈಯಲ್ಲಿ ಶಾಲು, ಇನ್ನೊಬ್ಬರ ಕೈಯಲ್ಲಿ ತೆಂಗಿನಕಾಯಿ.

"ಎಲ್ಲ ನಿಮ್ಮಿಂದ್ಲೇ ಆದದ್ದು ಗುಣಪಾಲಣ್ಣ," ಎಂದರು ಮುಂಡಪ್ಪಣ್ಣ. "ನಿಮ್ಮ ಮೆಸೇಜ್ ಓದಿ ಇವ್ರು ನಡ್ಕೊಂಡೇ ಬಂದು ಕೇಳಿದ್ರು. ಒಂದು ಚಾ ಕುಡಿಯುವಷ್ಟರಲ್ಲಿ ಮುಗೀತು. ಗೇಟು ಬಿಟ್ಟಾಯ್ತು."

"ಪಂಪೂ ನಿಮ್ದ ಆತ್ರಿ," ಎಂದ ರೇವಣಸಿದ್ದ.

ಗುಣಪಾಲನ ಎದೆಯಲ್ಲಿ ನಲ್ಲಿ ಬಿಟ್ಟಂತಾಯಿತು. ಹೆಗಲ ಮೇಲೆ ಶಾಲು ಬಿತ್ತು. ಫೋಟೋ ತೆಗೆದರು.

"ಮತ್ತೆ, ಹೊಸ ಶುರು ಅಲ್ವಾ," ಎಂದರು ಮುಂಡಪ್ಪಣ್ಣ. "ಸ್ನೇಹದ ಲೆಕ್ಕದಲ್ಲಿ ಎರಡೂ ವಿಂಗಿನ ಟ್ಯಾಂಕಿ ತೊಳೆಸುದು ಅಂತ ಎರಡೂ ಗ್ರೂಪಲ್ಲಿ ಮತಕ್ಕೆ ಹಾಕಿದ್ವಿ. ನೂರಕ್ಕೆ ನೂರು ಪಾಸ್! ಈಗಷ್ಟೇ ಖಾಲಿ ಮಾಡಿಸಿದ್ದು. ನಾಳೆ ಬೆಳಿಗ್ಗೆ ಫಸ್ಟ್ ಕ್ಲಾಸ್ ನೀರು."

"ನಿಮ್ಮ ಮತ ಕೇಳಾಕ ಆಗ್ಲಿಲ್ರಿ," ರೇವಣಸಿದ್ದ ಸಂಕೋಚಪಟ್ಟ. "ನಿಮ್ಮನ್ನ ತಗದಿದ್ವಲ್ಲಾ. ಒಂದಿನದ ಮಾತು, ತ್ರಾಸೇನಿಲ್ಲಲ್ರಿ?"

ಒಳಗೆ ಜಲಜಾಕ್ಷಿಯ ಕೈಯಿಂದ ಪಾತ್ರೆಯೊಂದು ಬಿದ್ದ ಸದ್ದಾಯಿತು.

"ಛೆ ಛೆ, ಎಂತ ತ್ರಾಸು," ಎಂದ ಗುಣಪಾಲ, ಶಾಲು ಸರಿಮಾಡಿಕೊಳ್ಳುತ್ತ. "ಶಾಂತಿ ಆಯ್ತಲ್ಲ, ಅದೇ ದೊಡ್ಡದು."

ಕೆಳಗೆ, ಹಾರುಹೊಡೆದ ಗೇಟಿನೊಳಗೆ ಡೊಂಬಿವಲಿಯ ಎರಡು ಕಾರುಗಳು ಸರಾಗವಾಗಿ ಬಂದು ನಿಂತವು, ಮುಕ್ಕಾಲು ಗಂಟೆ ಮುಂಚಿತವಾಗಿ.

ಮೂರು ದಿನ ಎರಡೂ ಕಡೆಯ ಬೇಡಿಕೆಗಳನ್ನು ಹೊತ್ತು ತಿರುಗಿದ ಗುಣಪಾಲ, ತನಗೆ ನೀರು ಬೇಕಾದದ್ದು ಇವತ್ತು ಸಂಜೆಗೆ ಎಂದು ಯಾರಿಗೂ ಹೇಳಿರಲಿಲ್ಲ.