ಕೊನೆಯ ಎಂಟು ಪುಟ

ಬೆಂಜಮಿನ್: ಪುಸ್ತಕದಲ್ಲಿ ಆ ಗೂಢಚಾರ ಒಂದು ಪತ್ರಕ್ಕಾಗಿ ಬೆಂಚಿನ ಮೇಲೆ ನಲವತ್ತು ಪುಟ ಕಾಯುತ್ತಾನೆ. ನಿನ್ನ ಸಿನೆಮಾದಲ್ಲಿ ಎಷ್ಟು ಹೊತ್ತು?

ತಾರಾನಾಥ: ಎರಡು ನಿಮಿಷ. ನಲವತ್ತು ಪುಟ ಕಾಯುವವನಿಗೆ ಗೂಢಚಾರ ಅಂತ ಹೇಳುವುದಿಲ್ಲ ಮಾರಾಯ್ರೆ, ಪಿಂಚಣಿದಾರ ಅಂತ ಹೇಳುವುದು.

ಕಾಪು ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಇಬ್ಬರ ಎರಡನೆಯ ಚಹಾವೂ ತಣ್ಣಗಾಗಿತ್ತು. ಬೆಂಜಮಿನ್ ನಿವೃತ್ತ ಮೇಷ್ಟ್ರು, ತಾರಾನಾಥ ನಿವೃತ್ತ ಬಸ್ ಟೈಮ್‌ಕೀಪರ್. ಮರುದಿನ ಊರಿನ ವಾಚನಾಲಯದಲ್ಲಿ ಇವರಿಬ್ಬರ ಚರ್ಚೆ: ಒಂದೇ ಗೂಢಚಾರ ಕಥೆಗೆ ಪುಸ್ತಕದ ಮುಕ್ತಾಯ ಮೇಲೋ, ಸಿನೆಮಾದ್ದೋ? ಅಧ್ಯಕ್ಷೆ ಪ್ಯಾಟ್ರಿಶಿಯಾ ಟೀಚರು. ಓದದೆ ಬಂದವರನ್ನು ಎದ್ದು ನಿಲ್ಲಿಸುವ ಅಭ್ಯಾಸ ಅವರಿಗೆ ಇನ್ನೂ ಹೋಗಿಲ್ಲ, ವಯಸ್ಸನ್ನೂ ನೋಡುವುದಿಲ್ಲ.

ಬೆಂಜಮಿನ್: ಅದಿರಲಿ. ದ್ರೋಹಿ ಯಾರೆಂದು ಸಿನೆಮಾದಲ್ಲಿ ಸರಿಯಾಗಿ ತೋರಿಸಿದ್ದಾರಾ?

ತಾರಾನಾಥ: ಪುಸ್ತಕದಲ್ಲಿ ಹೇಗೆ ಉಂಟೋ ಹಾಗೆ.

ಬೆಂಜಮಿನ್: ಪುಸ್ತಕದಲ್ಲಿ ಹೇಗೆ ಉಂಟು ಅಂತ ನಿನಗೆ ಹೇಗೆ ಗೊತ್ತು?

ತಾರಾನಾಥ: ಅದಕ್ಕೇ ಕೇಳುವುದು. ಹೇಗೆ ಉಂಟು?

ಬೆಂಜಮಿನ್: ಮೊದಲು ಕೇಳಿದ್ದು ನಾನು.

ಮೇಷ್ಟ್ರು ಕಥೆಯ ಅಡುಗೆಯವನ ಹೆಸರೆತ್ತಿ ತಾರಾನಾಥನ ಮುಖ ನೋಡಿದರು. ತಾರಾನಾಥ ಡಾಕ್ಟರನ ಹೆಸರೆತ್ತಿ ಮೇಷ್ಟ್ರ ಮುಖ ನೋಡಿದ. ಕಥೆಯಲ್ಲಿದ್ದ ಡ್ರೈವರು, ವಿಧವೆ, ರಾಯಭಾರಿ ಎಲ್ಲರೂ ಒಂದು ಸುತ್ತು ಬಂದು ಹೋದರೂ ಯಾರೂ ಸಿಕ್ಕಿಬೀಳಲಿಲ್ಲ.

ತಾರಾನಾಥ: ಮಾಸ್ಟ್ರೇ, ನೀವು ಪುಸ್ತಕ ಓದಿದ್ದೀರಲ್ವಾ?

ಬೆಂಜಮಿನ್: ಮೂರು ಸಲ. ಇನ್ನೂರ ಹನ್ನೆರಡನೇ ಪುಟದವರೆಗೆ. ಉಡುಪಿಯಲ್ಲಿ ಹಳೆ ಪುಸ್ತಕದ ರಾಶಿಯಿಂದ ಆರಿಸಿದ್ದು, ಕೊನೆಯ ಎಂಟು ಪುಟ ಇಲ್ಲ.

ಹೇಳುವಾಗ ಅವರಿಗೆ ನಿಜಕ್ಕೂ ನಾಚಿಕೆಯಾಯಿತು. ಪೂರ್ತಿ ಓದಿಕೊಂಡು ಬನ್ನಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಗದರಿದವರು.

ಬೆಂಜಮಿನ್: ಪುಣ್ಯಕ್ಕೆ ನೀನು ಸಿನೆಮಾ ನೋಡಿದ್ದೀ. ಹೇಳು, ದ್ರೋಹಿ ಯಾರು?

ತಾರಾನಾಥ ನಿಲ್ದಾಣದ ಕಡೆಗೆ ನೋಡಿದ.

ತಾರಾನಾಥ: ಮಣಿಪಾಲದಲ್ಲಿ ನೋಡಿದ್ದು. ಮುಗಿಯುವವರೆಗೆ ಕೂತರೆ ಐದೂವರೆಯ ಎಕ್ಸ್‌ಪ್ರೆಸ್ಸಿನಲ್ಲಿ ಕಿಟಕಿ ಸೀಟು ಸಿಗುವುದಿಲ್ಲ. ಹತ್ತು ನಿಮಿಷ ಮೊದಲೇ ಎದ್ದು ಬಂದೆ.

ಬೆಂಜಮಿನ್: ಹೋದ ವಾರ ಇನ್ನೊಂದು ಸಲ ನೋಡಿದೆ ಅಂದೆಯಲ್ಲ?

ತಾರಾನಾಥ: ಅದೇ ಬಸ್ಸು.

ಇಬ್ಬರೂ ತಣ್ಣಗಿನ ಚಹಾವನ್ನೇ ಕುಡಿದು ಮುಗಿಸಿದರು.

ಬೆಂಜಮಿನ್: ನಾಳೆ ಪ್ಯಾಟ್ರಿಶಿಯಾ ಟೀಚರಿಗೆ ಎಂತ ಹೇಳುವುದು?

ತಾರಾನಾಥ: ಕೊನೆ ಹೇಳಿದರೆ ಓದುವವರ ರುಚಿ ಕೆಡುತ್ತದೆ ಅಂತ ಇಬ್ಬರೂ ಒಂದೇ ಬಾಯಲ್ಲಿ ಹೇಳುವ.

ಬೆಂಜಮಿನ್: ನಮ್ಮಲ್ಲಿ ಒಬ್ಬ ಹೆದರಿ ಬಾಯಿಬಿಟ್ಟರೆ?

ತಾರಾನಾಥ: ಆಗ ದ್ರೋಹಿ ಯಾರು ಅಂತ ಆದರೂ ಗೊತ್ತಾಗುತ್ತದೆ.